ಇಪ್ಪತ್ತು ಮೀಟರಿನ ಚೌಕ

ಹೆಮ್ಮಡಗಾ ರಸ್ತೆ ಬಿಟ್ಟು ಎಡಕ್ಕ ಇಳದ್ರ
ನಾಲ್ಕು ಕಲ್ಲು, ನಾಲ್ಕಕ್ಕೂ ಹಳದಿ ಬಣ್ಣ,
ಸುತ್ತ ಒಂದು ಹಗ್ಗ. ಇಷ್ಟ ನನ್ನ ನೌಕರಿ:
ದಸರಾ ಮುಗದು ಉಂಬಳ ಕಮ್ಮಿ ಆದ ಮ್ಯಾಲ
ಒಳಗ ಹೊಕ್ಕು ಎಣಸೂದು.

ಮೊದಲ ಇಲ್ಲಿ ನಾಟಾದ ಡಿಪೋ ಇತ್ತು.
ಮತ್ತಿ, ನಂದಿ, ಜಂಬಿ ಕೆಡವಿ ತಂದು
ಸಿಪ್ಪಿ ಸುಲದು ಒಟ್ಟತಿದ್ರು;
ಖಾನಾಪುರ ಟೇಶನ್ನಿನ್ಯಾಗ ರೈಲು ಹತ್ತಿ
ಅವು ಎಲ್ಲೆಲ್ಲಿಗೋ ಹೋಗಿ ಹಳಿ ಕೆಳಗ ಮಲಗಿದವು.
ನಮ್ಮಪ್ಪ ಝಿಲೂ ಗಾವಡಾ ಕೊಡಲಿ ಹಿಡದಾಂವ.
ಅಂವ ಕಡದ ಒಂದು ಜಂಬಿ ಬುಡ
ಚೌಕದ ಮೂಲ್ಯಾಗ ಇನ್ನೂ ಐತಿ.
ಟೇಪು ಸುತ್ತಿ ಅಳದೇನಿ. ಎಷ್ಟು ಅಂತ ಹೇಳೂದಿಲ್ಲ,
ರಜಿಸ್ಟರದಾಗ ಅದಕ್ಕ ಜಾಗಾ ಇಲ್ಲ,
ಜೀವ ಇದ್ದದ್ದಷ್ಟ ಬರೀಬೇಕು.

ಮೊದಲನೇ ವರ್ಷ ಹುಲ್ಲು, ಕಮ್ಯುನಿಸ್ಟ್ ಗಿಡ ಎದಿಮಟ.
ಎರಡನೇ ವರ್ಷಾನೂ ಅದನ್ನ ಬರದು ನಾಚಿಕಿ ಬಂತು.
ಮೂರನೇದಕ್ಕ ಉಪ್ಪಳಿಗಿ.
ಅಪ್ಪ ಅದಕ್ಕ ಚಾಂದಾಡಾ ಅಂತಿದ್ದ,
ಸಾಹೇಬರು ಲ್ಯಾಟಿನ್ ಒಳಗ ಏನೋ ಅಂತಾರ,
ನಾ ಕನ್ನಡದಾಗ ಬರಕೋತೇನಿ.
ಗಿಡಕ್ಕ ಮೂರೂ ಗೊತ್ತಿಲ್ಲ, ಬಿಸಲು ಗೊತ್ತು.
ಬಿಸಲು ಕಂಡಲ್ಲಿ ಕೊಡಿ ಬಿಚ್ಚಿ ನಿಂತು
ತನ್ನ ಮಕ್ಕಳಿಗೆ ಆಗದಂಥ ನೆರಳು ಮಾಡಿತು.

ಆ ನೆರಳಿಗೆ ಪಿಕಳಾರ ಬಂದವು.
ಹಿಕ್ಕಿ ಹಾಕಿದಲ್ಲಿ ನೇರಳ, ಅಂಜನಿ, ಹೆಸರು ತಿಳೀದ ಬಳ್ಳಿ.
ಆರನೇ ವರ್ಷ ಹಳದಿ ಕಲ್ಲಿನ ಮ್ಯಾಲ
ಪುನಗ ಬೆಕ್ಕಿನ ಹೊಲಸು,
ಅದರಾಗ ಇಪ್ಪತ್ತಮೂರು ಬಗನಿ ಬೀಜ, ತೊಳದಿಟ್ಟಂಗ.
ಎಣಸೂದು ಚಟ ಆಗೈತಿ.
ಮನ್ಯಾಗ ಶೇವಂತಾ ಬೈತಾಳ,
ತಾಟಿನ್ಯಾಗಿನ ಒಣಮೀನ ಸುದ್ದಾ ಎಣಸ್ತೀಯಲ್ಲಾ ಅಂತ.

ಒಂಬತ್ತನೇ ವರ್ಷ ಕಾಟಿ ಹಿಂಡು
ಹಗ್ಗ ಹರಕೊಂಡು ದಾಟಿ ಹೋತು.
ಗೊರಸಿಗೆ ಸಿಕ್ಕು ಹದಿನೇಳು ಸಸಿ ಮುರದಿದ್ದವು.
ನಾ 'ನಷ್ಟ' ಅಂತ ಬರದೆ.
ಸಾಹೇಬರು ಕೆಂಪು ಶಾಯಿಲೆ ಹೊಡದು
'ಬಂದವರು' ಅಂತ ತಿದ್ದಿದ್ರು.

ಎಲ್ಲಾ ಹಿಂಗ ಸುಸೂತ್ರ ಅಂತ ತಿಳೀಬ್ಯಾಡ್ರಿ.
ಚೌಕದ ನಡುವ ಲಾರಿ ಹೋದ ಎರಡು ಗೆರಿ ಅದಾವ.
ಗಾಲಿ ಒತ್ತಿ ಒತ್ತಿ ಮಣ್ಣು ಕಲ್ಲಾಗೈತಿ;
ಇಪ್ಪತ್ತೆರಡು ಮಳಿಗಾಲ ಆದ್ರೂ ಅಲ್ಲಿ ಬೇರು ಇಳದಿಲ್ಲ.
ಅದರ ಬದಲಿ ನೀರು ನಿಂತಿತ್ತು,
ನೀರಾಗ ಕಪ್ಪಿಮರಿ, ಕರೀ ಎಳ್ಳಿಗೆ ಬಾಲ ಬಂದಂಗ.
ಲಾರಿ ಬರದಿದ್ರ ಇವು ಎಲ್ಲಿ ತತ್ತಿ ಇಡತಿದ್ದವು?
ಹೋದ ವರ್ಷ ಮ್ಯಾಲ ಕೊಂಬಿಗೆ ಕೊಂಬಿ ಕೂಡಿ,
ಎಲಿ ಬಿದ್ದು ಬಿದ್ದು ಗೆರಿ ಹೂತು ಹೋದವು.
ನೆರಳು ಪೂರ್ತಿ ಅಂತ ಬರದ ಪುಟದಾಗನ
ಅದನ್ನೂ ಬರದೇನಿ: ಕಪ್ಪಿ, ಸೊನ್ನಿ.

ಈ ಸಲ ಬುಡದ ಹಿಂದ
ಮೊಳಕಾಲಮಟ ಒಂದು ರಾಮಪತ್ರಿ.
ತಾಯಿಮರ ಸನೇಕ ಎಲ್ಲೂ ಇಲ್ಲ.
ಹಳ್ಳ ದಾಟಿ ತಳೇವಾಡಿ ಕಡೆ ಎರಡು ತಾಸು ನಡದ್ರ
ಮೂರು ಅದಾವ;
ಇಳಕಲು ಭಾಳ, ನಾಟಾ ಜಗ್ಗಾಕ ಬರೂದಿಲ್ಲಂತ ಉಳದಾವ,
ಅಪ್ಪಗ ಕರುಣಾ ಬಂದಲ್ಲ.
ಅಷ್ಟು ದಪ್ಪ ಬೀಜ ಪಿಕಳಾರದ ಗಂಟಲಕ್ಕ ಹಿಡಸೂದಿಲ್ಲ.
ಮಂಗಟ್ಟಿ ಬಂದಿರಬೇಕು. ನಾ ನೋಡಿಲ್ಲ.
ವರ್ಷಕ್ಕ ಎರಡು ದಿನ ನನ್ನ ಪಾಳಿ;
ಉಳದ ದಿನದ ಹಾಜರಿ ಯಾರು ಇಡ್ತಾರ?

ಹಾಳಿ ಕೊನೀಗೆ ಹೊಸಾ ಖಾನೆ ಹಾಕ್ಯಾರ:
ಚೇತರಿಕೆ, ಹೌದು ಅಥವಾ ಇಲ್ಲ, ಒಂದಕ್ಕ ಗುರುತು ಮಾಡಿ.
ಪೆನ್ಸಿಲ್ ನೆಕ್ಕಿಕೋತ ಅಪ್ಪನ ಬುಡದ ಮ್ಯಾಲ ಕುಂತೆ.
ಅಂಚು ಗೊರಲಿ ತಿಂದು ಮೆತ್ತಗಾಗೈತಿ, ಅಣಬಿ ಎದ್ದಾವ;
ನಡುವಿನ ತಿರುಳು ಇನ್ನೂ ಕಬ್ಬಣ, ಕುಂಡಿಗೆ ಒತ್ತತೈತಿ.

ಖಾನೆ ಖಾಲಿ ಬಿಟ್ಟೆ.
ಕೆಳಗ ಷರಾ ಅಂತ ಇದ್ದಲ್ಲಿ ಬರದೆ:
ಉಪ್ಪಳಿಗಿ ಎಂಬತ್ತಾರು, ಸಾಯಾಕ ಹತ್ತಿದವು ನಲವತ್ತು.
ರಾಮಪತ್ರಿ ಒಂದು. ಎಲಿ ಐದು.
ಐದರಾಗ ಒಂದನ್ನ ಹುಳ ತಿಂದೈತಿ;
ಹುಳಕ್ಕೂ ಸುದ್ದಿ ಮುಟ್ಟೈತಿ ಅಂದಂಗಾತು.